ಹಾಲು ನೋಡಿದ ಹಾಗೆ

ಪಕ್ಷಿರಾಜಪುರದ ಸುತ್ತ ಈಗ ಬ್ಯಾರನ್ ಕಾಲ.
ಹೊಗೆಸೊಪ್ಪು ಬೇಯುವ ವಾಸನೆ ಹಾಸಿಗೆಗೂ ಹತ್ತಿದೆ.
ರಾತ್ರಿ ಎರಡಕ್ಕೆ ಎಚ್ಚರವಾಯಿತು, ಹೊಲದಾಚೆ
ಕೆಂಪು ಕಂಡಿತು.
ಮಗುವನ್ನು ಸೊಂಟಕ್ಕೇರಿಸಿ, ಬರಿಗಾಲಲ್ಲಿ
ಹುಣಸೂರು ರಸ್ತೆಗೆ ಓಡಿದೆ.
ಸೌದೆ ತುರುಕುತ್ತಿದ್ದ ಚಲುವೇಗೌಡ ಗಾಬರಿಬಿದ್ದ:
'ಏನಮ್ಮ, ಆನೆ ಬಂತಾ?'

ಆನೆಯಲ್ಲ ಅಣ್ಣ. ಹೇಗೆ ಹೇಳಲಿ.

ಕೂದಲೆಣ್ಣೆ ಮಾರಲು ಹೋದವರು ನಾವು,
ನಾನು, ನನ್ನ ಗಂಡ ರೇಡಿಯೋ.
ಕಿವಿಗೆ ಬಿದ್ದದ್ದನ್ನೆಲ್ಲ ಹೆಸರಾಗಿ ಇಡುವ ಕುಲ ನಮ್ಮದು.
ವಾಪಸು ಬಂದ ಮೇಲೆ ಹುಟ್ಟಿದವಳು ವೀಸಾ.
ನಗಬೇಡಿ, ಬಲು ಕಷ್ಟಪಟ್ಟ ಮೇಲೆ ಸಿಕ್ಕವಳು.

ಕಾಂಗೋ ದೇಶದ ಗೋಮಾ ಊರು.
ನೆಲ ಕಪ್ಪು, ಗೋಡೆ ಕಪ್ಪು, ಕಾಂಪೌಂಡು ಕಪ್ಪು.
ಹಿಂದೊಮ್ಮೆ ಬೆಟ್ಟ ಕಾರಿದ್ದನ್ನೇ ಕಡಿದು
ಅದೇ ಬೆಟ್ಟದ ಬುಡದಲ್ಲಿ ಕಟ್ಟಿಕೊಂಡ ಮನೆಗಳು.
ರಾತ್ರಿಯಾದರೆ ತುದಿಯಲ್ಲಿ ಕೆಂಡ,
ಯಾರೋ ಒಲೆ ಆರಿಸಲು ಮರೆತು ಮಲಗಿದ ಹಾಗೆ.

ಮನೆಯೊಡತಿ ಮಾಮಾ ಫುರಾಹಾ
ಮಲಗುವ ಮುಂಚೆ ಅಂಗಳಕ್ಕೆ ಬಂದು ಒಂದು ಸಲ ನೋಡುವಳು.
ಕೈಮುಗಿಯುವುದಿಲ್ಲ, ಬಯ್ಯುವುದಿಲ್ಲ,
ಒಲೆ ಮೇಲಿಟ್ಟ ಹಾಲು ನೋಡಿದ ಹಾಗೆ, ಅಷ್ಟೆ.
ಹಾಲು ಉಕ್ಕಿದರೆ ಶುಭ ಅನ್ನುತ್ತಾರೆ ನಮ್ಮ ಕಡೆ.
ಅವಳಿಗೆ ಹೇಳಬೇಕೆಂದಿದ್ದೆ,
ಅಷ್ಟು ಭಾಷೆ ಬರಲಿಲ್ಲ.

'ಬಿಟ್ಟು ಹೋಗಬಾರದೇ?' ಎಂದು ಒಮ್ಮೆ ಕೇಳಿದ್ದೆ ಕೈಸನ್ನೆಯಲ್ಲಿ.
'ನಿಮ್ಮ ಕಾಡಲ್ಲಿ ಆನೆ, ಹುಲಿ ಇರಲಿಲ್ಲವೇ?
ನಿಮ್ಮವರು ಬಿಟ್ಟು ಹೋದರೇ?'
ಬಿಟ್ಟೆವು ಮಾಮಾ, ಬಿಡಿಸಿದರು.
ಅದನ್ನು ಕೈಸನ್ನೆಯಲ್ಲಿ ಹೇಗೆ ಹೇಳುವುದು?

ಶನಿವಾರ ಸಂಜೆ. ಸೈರನ್ ಕೂಗಲಿಲ್ಲ.
ರೇಡಿಯೋ ಏನೂ ಹೇಳಲಿಲ್ಲ,
ನನ್ನ ರೇಡಿಯೋ ಮೀನು ಹುರಿಯುತ್ತಿದ್ದ.
ಆಕಾಶವೇ ಬಾಣಲೆಯಾಯಿತು.
ಹಾಸಿಗೆ ತಲೆಮೇಲೆ, ಹೊಲಿಗೆ ಯಂತ್ರ ಬೆನ್ನಮೇಲೆ,
ಕಂಕುಳಲ್ಲಿ ಕುರಿಮರಿ, ಬಾಯಲ್ಲಿ ದೇವರು,
ಊರಿಗೆ ಊರೇ ಕತ್ತಲಲ್ಲಿ ನಡೆಯಿತು.
ಒಬ್ಬಾಕೆ ಬಾಗಿಲಿಗೆ ಬೀಗ ಹಾಕುತ್ತಿದ್ದಳು,
ಎಳೆದು ನೋಡುತ್ತಿದ್ದಳು, ಮತ್ತೆ ಎಳೆದು ನೋಡುತ್ತಿದ್ದಳು.

ಬೆಂಕಿಗೆ ಅವಸರವಿರಲಿಲ್ಲ.
ಗೋಡೆ ಸಿಕ್ಕರೆ ನಿಂತಿತು, ಯೋಚಿಸಿತು,
ಗೋಡೆಯನ್ನೇ ಹೊತ್ತುಕೊಂಡು ಮುಂದೆ ಬಂತು.
ಎಂಬತ್ತು ಶೀಶೆ ಎಣ್ಣೆ ಒಳಗಿತ್ತು,
ನಾಗರಹೊಳೆ ಅಂಚಿನ ಬೇರು, ಸೊಪ್ಪು, ಅಜ್ಜಿಯ ಗುಟ್ಟು.
ಸುಟ್ಟಿತೆಂದು ತಿಳಿದದ್ದು ಕಣ್ಣಿಂದಲ್ಲ, ಮೂಗಿಂದ:
ಆ ಗಂಧಕದ ನಡುವೆ ಒಂದು ಗಳಿಗೆ
ನಮ್ಮ ಹಟ್ಟಿ ಬಂದು ಹೋಯಿತು.

ಉಳಿದವರಿಗೆ ಇನ್ನೊಂದು ಭಯ.
ಕುಳಿಗಳಲ್ಲಿ ಕೂತಿರುತ್ತದಂತೆ ಕೆಟ್ಟ ಗಾಳಿ,
ಬಣ್ಣವಿಲ್ಲ, ವಾಸನೆಯಿಲ್ಲ.
ಮೇಯಲು ಇಳಿದ ಮೇಕೆ ಏಳುವುದಿಲ್ಲ,
ಚೆಂಡು ಹುಡುಕಿ ಇಳಿದ ಹುಡುಗನೂ.
ಅದಕ್ಕೇ ವೀಸಾ ಹಳ್ಳದಲ್ಲಿ ಕೂತರೆ
ಈಗಲೂ ಕೂಗುತ್ತೇನೆ.
ಓಣಿಯವರು ನಗುತ್ತಾರೆ. ನಗಲಿ.

ತಂದದ್ದು ಒಂದೇ, ಮುಷ್ಟಿಗಾತ್ರದ ಕಲ್ಲು,
ಮೈತುಂಬ ತೂತು, ಕೈಗೆ ಹಗುರ.
ದೇವರ ಪಕ್ಕ ಇಟ್ಟಿದ್ದೆ.
ಮೋತಿಬಾಯಿ ಅಜ್ಜಿ ಒಂದು ಮಾತು ಕೇಳದೆ
ಬಚ್ಚಲಿಗೆ ಒಯ್ದು ಹಿಮ್ಮಡಿ ಉಜ್ಜಿಕೊಂಡಳು.
'ನಿನ್ನ ಬೆಟ್ಟ ಚೆನ್ನಾಗಿ ಉಜ್ಜುತ್ತೆ ಕಣೆ.'

ನಿನ್ನೆ ಮಾಮಾ ಫುರಾಹಾ ಫೋನಿಗೆ ದನಿ ಕಳಿಸಿದ್ದಳು.
ಅದೇ ಜಾಗ, ಹೊಸ ಕಲ್ಲು, ತಗಡು ಹೊದಿಸಿಯಾಯಿತು.
ಹಿಂದೆ ಯಾರೋ ಸುತ್ತಿಗೆ ಬಡಿಯುತ್ತಿದ್ದರು.
ಕೂದಲು ಉದುರುತ್ತಿದೆ, ಆರು ಶೀಶೆ ಬೇಕಂತೆ.

ಚಲುವೇಗೌಡ ಒಲೆಗೆ ಇನ್ನೊಂದು ಕೊರಡು ತಳ್ಳಿದ.
'ಮಲಕ್ಕೋ ಹೋಗವ್ವ, ಬೆಳಗಿನವರೆಗೂ
ನಾನು ಇಲ್ಲೇ ಇರ್ತೀನಿ, ನೋಡ್ಕೋತೀನಿ.'
ಮಗು ಹೆಗಲ ಮೇಲೆ ನಿದ್ದೆಹೋಗಿತ್ತು.
ನಾನು ಹೋಗಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು
ಒಲೆಯ ಬಾಯನ್ನು ನೋಡುತ್ತಿದ್ದೆ.